ಮನೆಮನೆಯ ತಾಯಿ ಹೆಳವನಕಟ್ಟೆ ಗಿರಿಯಮ್ಮನವರು

ಶ್ರಾವಣಮಾಸವು ಪ್ರಾಪ್ತವಾಯಿತೆಂದರೆ ನಮ್ಮ ಮನೆಗಳಲ್ಲಿ ಹಾಡಿನ ಕಾಲವು ಬಂದಿತೆಂದೇ ತಿಳಿಯಬೇಕು. ಮಂಗಳವಾರ ಗೌರಿಯ ಹಾಡು, ಶುಕ್ರವಾರ ಲಕ್ಷ್ಮೀದೇವಿಯ ಹಾಡು, ಶನಿವಾರ ವೆಂಕಟರಮಣನ ಹಾಡು. ಗುಡಿಯ ಪ್ರಾಕಾರದಲ್ಲಿ ಪಂಡಿತರು ಭಾಗವತ ಪ್ರವಚನವನ್ನು ನಡೆಸುತ್ತಿರುವಾಗಲೇ, ಮನೆಯ ನಡುವಿನ ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತ ಹಿರಿಯ ಮುತ್ತೈದೆಯರೂ ಅಜ್ಜಿಯಂದಿರೂ ಅದೇ ಭಾಗವತವನ್ನು, ಅದೇ ಭಾರತವನ್ನು ಹಾಡಿನ ರೂಪದಲ್ಲಿ ಮೊಮ್ಮಕ್ಕಳ ಕಿವಿಗೆ ಎರೆಯುತ್ತಿರುತ್ತಾರೆ. ಗುಡಿಯ ಪ್ರವಚನಕ್ಕೆ ಪೀಠವುಂಟು, ಮಂಗಳಾರತಿಯುಂಟು, ಸಂಭಾವನೆಯುಂಟು. ಪಡಸಾಲೆಯ ಪ್ರವಚನಕ್ಕೆ ಇವಾವುವೂ ಇಲ್ಲ. ಆದರೂ ನಮ್ಮಲ್ಲಿ ಬಹುಮಂದಿಗೆ ಶ್ರೀಹರಿಯ ಹೆಸರು ಮೊಟ್ಟಮೊದಲು ಕಿವಿಗೆ ಬಿದ್ದದ್ದು ಆ ಎರಡನೆಯ ಸ್ಥಳದಲ್ಲಿಯೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ಪಡಸಾಲೆಯ ವಿದ್ಯಾಪೀಠಕ್ಕೆ ಮೂಲ ಗುರುಗಳಂತಿರುವ ಪುಣ್ಯಾತ್ಮರಲ್ಲೊಬ್ಬರು ಹೆಳವನಕಟ್ಟೆ ಗಿರಿಯಮ್ಮನವರು. ಅವರ ಪಾವನ ಜೀವನವನ್ನು ಈ ಪರ್ವಕಾಲದಲ್ಲಿ ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.

ತಾಯ್ತನವೆಂಬುದು ಕೇವಲ ಹೆತ್ತಮಾತ್ರದಿಂದ ಬರತಕ್ಕುದಲ್ಲವೆಂಬುದನ್ನು ಶ್ರೀಮದ್ಭಾಗವತವೇ ನಮಗೆ ತೋರಿಸಿಕೊಟ್ಟಿದೆ. ದೇವಕಿಯು ಹೆತ್ತಳು, ಯಶೋದೆಯು ಸಾಕಿದಳು. ಲೋಕವು ಇಬ್ಬರನ್ನೂ ತಾಯಿಯೆಂದೇ ಕೊಂಡಾಡುತ್ತದೆ. ಗಿರಿಯಮ್ಮನವರ ಮಡಿಲಿನಲ್ಲಿ ಅವರು ಹೆತ್ತ ಕೂಸು ಒಂದೂ ಆಡಲಿಲ್ಲ. ಆದರೆ ಎರಡು ನೂರು ವರ್ಷಗಳಿಗೂ ಮಿಕ್ಕಿ ತುಂಗಭದ್ರೆಯ ಎರಡೂ ದಡಗಳ ಊರುಗಳಲ್ಲಿ ಎಷ್ಟು ತೊಟ್ಟಿಲುಗಳು ಅವರ ಹಾಡಿನಿಂದ ತೂಗಿದವೋ, ಎಷ್ಟು ಮದುವೆಯ ಹಂದರಗಳು ಅವರ ಹಾಡಿನಿಂದ ತುಂಬಿದವೋ ಲೆಕ್ಕವಿಟ್ಟವರಿಲ್ಲ. ಹರಿದಾಸ ಪರಂಪರೆಯ ಹೆಣ್ಣುಮಕ್ಕಳನ್ನು ನಮ್ಮ ಹಿರಿಯರು ಕರೆದ ರೀತಿಯನ್ನಾದರೂ ನೋಡಬಹುದು. ಕೃಷ್ಣಾತೀರದವರು ಗಲಗಲಿ ಅವ್ವ, ಭೀಮೇಶಕೃಷ್ಣ ಅಂಕಿತದವರು ಹರಪನಹಳ್ಳಿ ಭೀಮವ್ವ, ಇವರು ಗಿರಿಯಮ್ಮ. ಅವ್ವ, ಅಮ್ಮ ಎಂಬ ಮಾತುಗಳು ಇಲ್ಲಿ ಬಿರುದುಗಳಲ್ಲ. ಹಾಲು ಕುಡಿದ ಮಕ್ಕಳು ಕೂಗಿದ ಕೂಗೇ ಹೆಸರಾಗಿ ನಿಂತಿದೆ.

ಗಿರಿಯಮ್ಮನವರ ಜನ್ಮಸ್ಥಳವು ನಮ್ಮ ಸೀಮೆಗೆ ಹೊರತಾದುದಲ್ಲ. ಈಗ ನಮ್ಮದೇ ಹಾವೇರಿ ಜಿಲ್ಲೆಗೆ ಸೇರಿದ ರಾಣೇಬೆನ್ನೂರೇ ಅವರ ತವರೂರು. ಅವರು ಬಾಳಿದ ಕಾಲ ಕ್ರಿಸ್ತಶಕ ಹದಿನೆಂಟನೆಯ ಶತಮಾನ. ಆ ಕಾಲದಲ್ಲಿ ನಮ್ಮ ನಾಡಿನ ಸ್ಥಿತಿಯು ಶಾಂತವಾಗಿರಲಿಲ್ಲ. ನವಾಬರ ಆಳ್ವಿಕೆಯಲ್ಲಿದ್ದ ಸವಣೂರನ್ನು ೧೭೫೬ರಲ್ಲಿ ಪೇಶ್ವೆಯವರ ಸೈನ್ಯವು ಮುತ್ತಿತು. ಅನಂತರ ಹೈದರ್ ಅಲಿಯ ದಂಡು, ಮರಾಠರ ದಂಡು ಎಂದು ಒಂದರ ಹಿಂದೆ ಒಂದು ಸೈನ್ಯಗಳು ಈ ಹಾದಿಯನ್ನು ತುಳಿದವು. ಅದೇ ಶತಮಾನದಲ್ಲಿಯೇ ಉತ್ತರಾದಿ ಮಠದ ಶ್ರೀಸತ್ಯಬೋಧತೀರ್ಥರು ೧೭೪೪ರಿಂದ ೧೭೮೩ರವರೆಗೆ ಪೀಠವನ್ನಾಳಿ ಸವಣೂರಿನಲ್ಲಿಯೇ ವೃಂದಾವನಸ್ಥರಾದರೆಂಬುದನ್ನು ನಾವು ಅರಿತಿದ್ದೇವೆ. ಹೊಸರಿತ್ತಿಯ ವರದಾತೀರದಲ್ಲಿ ವೃಂದಾವನಸ್ಥರಾದ ಶ್ರೀಧೀರೇಂದ್ರತೀರ್ಥರೂ ಆ ಶತಮಾನದವರೇ. ಹೊರಗೆ ದಂಡಿನ ಗಲಭೆ, ಒಳಗೆ ಜ್ಞಾನಭಕ್ತಿಗಳ ದೀಪ, ಹೀಗಿತ್ತು ಆ ಕಾಲ. ಯತಿಗಳು ಗ್ರಂಥಗಳಿಂದ ಆ ದೀಪವನ್ನು ಕಾಯ್ದರು. ದಾಸರು ಪದಗಳಿಂದ ಕಾಯ್ದರು. ದಾಸರ ಪದವೂ ಸಲೀಸಾಗಿ ತಲುಪದಿದ್ದ ಅಡಿಗೆಯ ಮನೆಯ ಮೂಲೆಯಲ್ಲಿ ಅದನ್ನು ಕಾಯ್ದವರು ಗಿರಿಯಮ್ಮನಂತಹ ತಾಯಂದಿರು.

ಅವರ ತಂದೆ ಬಿಷ್ಟಪ್ಪ ಜೋಯಿಸರು, ತಾಯಿ ತುಂಗಮ್ಮ. ಹೆಸರೇ ಹೇಳುವಂತೆ ಪಂಚಾಂಗ ಜ್ಯೋತಿಷಗಳ ಮನೆತನ. ಆ ಮನೆಯ ಸುಖವು ಮಗುವಿಗೆ ಬಹುಕಾಲ ದೊರೆಯಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಗಿರಿಯಮ್ಮನವರು ಬಂಧುಗಳ ಆಶ್ರಯದಲ್ಲಿ ಬೆಳೆದರೆಂದು ಸಂಪ್ರದಾಯಜ್ಞರು ಹೇಳುತ್ತ ಬಂದಿದ್ದಾರೆ. ತಾಯಿಯಿಲ್ಲದ ಮಗುವಿಗೆ ಹಬ್ಬದ ದಿನವೇ ಹೆಚ್ಚು ಕಠಿಣವಾದದ್ದು. ಪಂಚಮಿಗೆಂದು ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿಯಾಡುವಾಗ, ಎಣ್ಣೆಯೆರೆದು ಹೆರಳು ಹಾಕುವ ಕೈ ಇಲ್ಲದೆ ನಿಂತ ಮಗುವಿನ ಮನಸ್ಸನ್ನು ಬಲ್ಲವರೇ ಬಲ್ಲರು. ಆ ಬಾಲ್ಯದ ವಿವರಗಳು ನಮಗೆ ಉಳಿದು ಬಂದಿಲ್ಲ. ಆದರೆ ಮುಂದೆ ಅವರು ತಮ್ಮ ಹಾಡಿಗೆಂದು ಯಾವ ಕಥೆಯನ್ನು ಆರಿಸಿಕೊಂಡರೆಂಬುದನ್ನು ನೋಡಿದರೆ ಆ ಬಾಲ್ಯವು ಒಂದಿಷ್ಟು ತಾನಾಗಿ ತಿಳಿಯುತ್ತದೆ. ಅದನ್ನು ಮುಂದೆ ಹೇಳುವೆನು.

ಅಂದಿನ ಪದ್ಧತಿಯಂತೆ ಚಿಕ್ಕ ವಯಸ್ಸಿನಲ್ಲಿಯೇ ವಿವಾಹವಾಯಿತು. ವರನು ಮಲೇಬೆನ್ನೂರಿನ ಶಾನುಭೋಗರಾದ ಕೃಷ್ಣಪ್ಪನವರ ಮಗ ತಿಪ್ಪರಸ. ರಾಣೇಬೆನ್ನೂರಿನಿಂದ ತುಂಗಭದ್ರೆಯನ್ನು ದಾಟಿ, ಹರಿಹರದ ಮೇಲೆ ಶಿವಮೊಗ್ಗೆಯ ಹಾದಿಯನ್ನು ಹಿಡಿದರೆ ಮಲೇಬೆನ್ನೂರು ಬರುತ್ತದೆ. ಇಂದು ಅದು ದಾವಣಗೆರೆ ಜಿಲ್ಲೆಯ ಹರಿಹರ ತಾಲೂಕಿಗೆ ಸೇರಿದೆ. ಅದರ ಸಮೀಪದಲ್ಲಿಯೇ ಕೊಮಾರನಹಳ್ಳಿಯಲ್ಲಿ ಕೆರೆಯ ಮಗ್ಗುಲಿಗೆ ಶ್ರೀರಂಗನಾಥನ ಸನ್ನಿಧಾನವಿದೆ. ಆ ಸ್ಥಳಕ್ಕೆ ಹೆಳವನಕಟ್ಟೆಯೆಂದು ಹೆಸರು. ಹೆಳವನೆಂದರೆ ಕಾಲಿಲ್ಲದವನು. ನಡೆಯಲಾರದವನ ಹೆಸರನ್ನು ಹೊತ್ತ ನೆಲದಲ್ಲಿ ನೆಲೆಸಿದ ಸ್ವಾಮಿಯು ದಿಕ್ಕಿಲ್ಲದ ಈ ಮಗಳಿಗೂ ದಿಕ್ಕಾದನು. ಸೊಸೆಯಾಗಿ ಬಂದ ಗಿರಿಯಮ್ಮನವರ ಮನಸ್ಸು ಮನೆಗಿಂತ ಹೆಚ್ಚಾಗಿ ಆ ರಂಗನ ಗುಡಿಯಲ್ಲಿಯೇ ನೆಲೆಸಿತು. ಅಲ್ಲಿಯೇ ಹಾಡು ಹುಟ್ಟಿತು. ಅಂಕಿತವೂ ಬೇರೆಯೆಲ್ಲಿಂದಲೋ ಬರಲಿಲ್ಲ. ಹೆಳವನಕಟ್ಟೆಯ ರಂಗನ ಹೆಸರೇ ಅವರ ಹಾಡುಗಳ ಮುದ್ರೆಯಾಯಿತು.

ಸೊಸೆಯಾದವಳು ಹೊತ್ತಿನ ಪರಿವೆಯಿಲ್ಲದೆ ಗುಡಿಯಲ್ಲಿ ಕುಳಿತರೆ ಊರು ಸುಮ್ಮನಿರುವುದೇ? ಲೋಕನಿಂದೆಯು ಅವರಿಗೆ ತಪ್ಪಲಿಲ್ಲವೆಂದೇ ಅವರ ಚರಿತ್ರೆಯನ್ನು ಹೇಳುವವರೆಲ್ಲರೂ ಹೇಳುತ್ತಾರೆ. ಆದರೆ ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಗಿರಿಯಮ್ಮನವರು ಸಂಸಾರವನ್ನು ಒದ್ದು ಹೊರಟವರಲ್ಲ. ತಮ್ಮ ಮನಸ್ಸು ದಾಂಪತ್ಯದಲ್ಲಿ ನಿಲ್ಲದೆಂಬುದನ್ನು ಅರಿತ ಮೇಲೆ, ಅದರ ಭಾರವನ್ನು ಪತಿಯ ಮೇಲೆ ಹೊರಿಸದೆ, ಆತನಿಗೆ ಬೇರೊಬ್ಬ ಕನ್ಯೆಯನ್ನು ತಂದು ಮದುವೆ ಮಾಡುವಂತೆ ತಾವೇ ಮುಂದಾದರು. ಪತಿಯಾದ ತಿಪ್ಪರಸರೂ ಹೆಂಡತಿಯ ದೈವೀಸ್ವಭಾವವನ್ನು ಮನಗಂಡು ಆಕೆಯ ಸಾಧನೆಗೆ ಅಡ್ಡಿಯಾಗಲಿಲ್ಲವೆಂದು ಸಂಪ್ರದಾಯದ ಕಥನವಿದೆ. ಇಂದು ಓದುವವರಿಗೆ ಇದು ಸುಲಭವಾಗಿ ತೋರಬಹುದು. ಆದರೆ ಮಕ್ಕಳಿಲ್ಲದ ಹೆಣ್ಣನ್ನು ಶುಭಕಾರ್ಯದಲ್ಲಿ ಹಿಂದೆ ನಿಲ್ಲಿಸುತ್ತಿದ್ದ ಸಮಾಜದಲ್ಲಿ, ಮಕ್ಕಳಾಗುವ ಮಾರ್ಗವನ್ನೇ ತಾನಾಗಿ ಬಿಟ್ಟುಕೊಡುವುದೆಂದರೆ ಸಾಮಾನ್ಯ ತ್ಯಾಗವಲ್ಲ. ತನ್ನ ವೃದ್ಧಾಪ್ಯದ ಊರುಗೋಲನ್ನು ತನ್ನ ಕೈಯಿಂದಲೇ ಮುರಿದಂತೆ ಅದು. ಅವರು ನೆಚ್ಚಿದ್ದು ಹೆಳವನಕಟ್ಟೆಯ ರಂಗನೊಬ್ಬನನ್ನೇ.

ಈ ತಪಸ್ಸಿನ ಕಾಲದಲ್ಲಿ ಗುರುಕೃಪೆಯೂ ತಾನಾಗಿ ಅರಸಿಕೊಂಡು ಬಂದಿತು. ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಜನಿಸಿ, ಶ್ರೀವಿಜಯದಾಸರಿಂದ ಅಂಕಿತವನ್ನು ಪಡೆದು, ಭಕ್ತಿಗೆ ಮತ್ತೊಂದು ಹೆಸರೆನಿಸಿದ ಶ್ರೀಗೋಪಾಲದಾಸರು ಸಂಚಾರಕ್ರಮದಲ್ಲಿ ಆ ಭಾಗಕ್ಕೆ ದಯಮಾಡಿಸಿದಾಗ ಗಿರಿಯಮ್ಮನವರನ್ನು ಕಂಡು ಅನುಗ್ರಹಿಸಿದರೆಂದೂ, ಗೋಪಾಲಕೃಷ್ಣನ ಮೂರ್ತಿಯನ್ನು ಅವರ ಕೈಗೆ ಕರುಣಿಸಿದರೆಂದೂ ಪ್ರತೀತಿಯಿದೆ. ಶ್ರೀಜಗನ್ನಾಥದಾಸರಂತಹ ಮಹಾಪಂಡಿತರಿಗೆ ಆಯುರ್ದಾನ ಮಾಡಿದವರೆಂದು ಪ್ರಸಿದ್ಧರಾದ ಗೋಪಾಲದಾಸರು, ಹಳ್ಳಿಯ ಸೊಸೆಯೊಬ್ಬಳ ಬಾಗಿಲಿಗೂ ಅದೇ ಕರುಣೆಯಿಂದ ಬಂದರು. ದಾಸರು ನೋಡಿದ್ದು ಅಧಿಕಾರವನ್ನೇ ಹೊರತು ವೇಷವನ್ನಲ್ಲ. ಶ್ರೀಮದಾಚಾರ್ಯರು ಸೂತ್ರಭಾಷ್ಯದ ಆರಂಭದಲ್ಲಿಯೇ ಅಧಿಕಾರಿಗಳನ್ನು ವಿವೇಚಿಸುವಾಗ ವಿಷ್ಣುಭಕ್ತಿಗೂ ಭಗವನ್ನಾಮದ ಜ್ಞಾನಕ್ಕೂ ಸ್ತ್ರೀಯರನ್ನು ಹೊರತುಮಾಡಲಿಲ್ಲ. ಉತ್ತಮ ಸ್ತ್ರೀಯರಿಗಾದರೋ ವೇದದಲ್ಲಿಯೂ ಅಧಿಕಾರವನ್ನು ಪ್ರಮಾಣಪೂರ್ವಕವಾಗಿ ಹೇಳಿದರು. ಆ ಸಿದ್ಧಾಂತಕ್ಕೆ ಮಲೇಬೆನ್ನೂರಿನ ಈ ತಾಯಿಯು ಉದಾಹರಣೆಯಾಗಿ ನಿಂತರು. ಮಡಿಲಿಗೆ ಬಂದ ಮಗು ಗೋಪಾಲನೇ ಆದ ಮೇಲೆ ಬೇರೆ ಮಗುವಿನ ಹಂಬಲವೆಲ್ಲಿಯದು?

ಇನ್ನು ಅವರ ಕೃತಿಗಳ ವಿಚಾರ. ಬಿಡಿ ಕೀರ್ತನೆಗಳಲ್ಲದೆ ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಲಿಕನ ಕಥೆ, ಬ್ರಹ್ಮಕೊರವಂಜಿ ಮುಂತಾದ ಕಥನದ ಹಾಡುಗಳನ್ನು ಅವರು ರಚಿಸಿದ್ದಾರೆ. ಪುರಂದರದಾಸರು ಮೊದಲಾದವರ ಬಿಡಿ ಪದಗಳು ಒಂದೊಂದು ಭಾವವನ್ನು ಹೇಳಿ ಮುಗಿಯುತ್ತವೆ. ಗಿರಿಯಮ್ಮನವರಾದರೋ ದೀರ್ಘವಾದ ಕಥೆಯನ್ನು ಹಿಡಿದು, ನಾಲ್ಕಾರು ಮಧ್ಯಾಹ್ನಗಳು ಬೀಸುವ ಕುಟ್ಟುವ ಕೆಲಸದ ಜೊತೆಗೆ ಹಾಡಿಕೊಂಡು ಹೋಗುವಂತೆ ಹೆಣೆದರು. ಹೆಣ್ಣುಮಕ್ಕಳ ಕೆಲಸದ ಹೊತ್ತನ್ನು ಬಲ್ಲವರು ಮಾತ್ರ ಮಾಡಬಲ್ಲ ಕೆಲಸವಿದು.

ಇವುಗಳಲ್ಲಿ ಮುಕುಟಪ್ರಾಯವಾದದ್ದು ಚಂದ್ರಹಾಸನ ಕಥೆ. ಜೈಮಿನಿ ಭಾರತದ ಮೂಲಕ ಕನ್ನಡಿಗರಿಗೆಲ್ಲ ಪರಿಚಿತವಾದ ಕಥೆಯಿದು. ಕೇರಳದ ಅರಸನಿಗೆ ಮೂಲಾ ನಕ್ಷತ್ರದಲ್ಲಿ, ಎಡಗಾಲಿಗೆ ಆರು ಬೆರಳುಗಳೊಡನೆ ಮಗನು ಹುಟ್ಟುತ್ತಾನೆ. ತಂದೆ ಯುದ್ಧದಲ್ಲಿ ಮಡಿಯುತ್ತಾನೆ, ತಾಯಿಯೂ ಆತನ ಹಿಂದೆ ಹೋಗುತ್ತಾಳೆ. ದಾದಿಯೊಬ್ಬಳು ಕೂಸನ್ನೆತ್ತಿಕೊಂಡು ಕುಂತಳಪುರಕ್ಕೆ ಓಡಿಬಂದು, ಕಂಡವರ ಮನೆಯ ಕೆಲಸ ಮಾಡಿ ಮಗುವನ್ನು ಸಾಕುತ್ತಾಳೆ. ಮಗುವು ಇನ್ನೂ ಮೂರು ವರ್ಷದ್ದಿರುವಾಗ ಆಕೆಯೂ ತೀರಿಹೋಗುತ್ತಾಳೆ. ಮುಂದೆ ಆ ಅನಾಥ ಬಾಲಕನಿಗೆ ತಾಯಿಯಾದವರು ಯಾರು? ಆ ಊರಿನ ಹೆಂಗಸರು. ಒಬ್ಬಳು ಎರೆಯುತ್ತಾಳೆ, ಒಬ್ಬಳು ಉಣಿಸುತ್ತಾಳೆ, ಒಬ್ಬಳು ಅಂಗಿ ತೊಡಿಸುತ್ತಾಳೆ, ಮತ್ತೊಬ್ಬಳು ಮಲಗಿಸಿಕೊಳ್ಳುತ್ತಾಳೆ. ಬೀದಿಯಲ್ಲಿ ಸಿಕ್ಕ ಸಾಲಿಗ್ರಾಮವನ್ನು ಆಟದ ಗುಂಡೆಂದು ಬಾಯಲ್ಲಿಟ್ಟುಕೊಂಡು ಬೆಳೆದ ಆ ಹುಡುಗನನ್ನು ದುಷ್ಟಬುದ್ಧಿಯ ಕತ್ತಿಯೂ ಕೊಲ್ಲಲಾಗಲಿಲ್ಲ, ವಿಷವೂ ಕೊಲ್ಲಲಾಗಲಿಲ್ಲ. ಕೊಲ್ಲಲೊಯ್ದವರು ಕರಗಿ, ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಬಿಟ್ಟರು. ವಿಷವನ್ನು ಕೊಡುವಂತೆ ಬರೆದ ಓಲೆಯಲ್ಲಿ ವಿಷಯೆಯೆಂಬ ಕನ್ಯೆಯು ಕಣ್ಣಿನ ಕಾಡಿಗೆಯಿಂದ ಒಂದಕ್ಷರವನ್ನು ತಿದ್ದಿ ಆತನ ಕೈಹಿಡಿದಳು.

ಕಥೆಯ ವೀರರಸವನ್ನೂ ರಾಜಕಾರಣವನ್ನೂ ಹಾಡಿದ ಕವಿಗಳು ಬೇರೆ ಇದ್ದಾರೆ. ಆದರೆ ತಂದೆತಾಯಿಯಿಲ್ಲದೆ ಬಂಧುಗಳ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಈ ಕಥೆಯನ್ನು ಆರಿಸಿಕೊಂಡದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ತಬ್ಬಲಿ ಮಗುವಿಗೆ ಊರೆಲ್ಲವೂ ತಾಯಿಯಾಗಬಲ್ಲದು, ಹರಿಯು ಕಾಯ್ದರೆ ಕೊಲ್ಲುವವರಿಲ್ಲ, ಎಂಬ ಎರಡು ಸತ್ಯಗಳನ್ನು ಅವರು ಗ್ರಂಥದಿಂದ ಕಲಿಯುವ ಮೊದಲೇ ಬಾಳಿನಿಂದ ಕಲಿತಿದ್ದರು. ಕುಂತಳವೆಂಬ ಹೆಸರು ಶಾಸನಗಳಲ್ಲಿ ನಮ್ಮ ಈ ಕನ್ನಡ ನೆಲಕ್ಕೇ ಸಲ್ಲುವ ಹೆಸರು. ಹಾಗಾಗಿ ಚಂದ್ರಹಾಸನನ್ನು ಸಾಕಿದ ಹೆಂಗಸರು ನಮ್ಮ ಓಣಿಯವರೇ ಎಂದು ನಮ್ಮ ಅಜ್ಜಿಯಂದಿರು ಭಾವಿಸಿದರೆ ಅದರಲ್ಲಿ ತಪ್ಪೇನಿಲ್ಲ.

ಉದ್ದಾಲಿಕನ ಕಥೆಯ ಸೊಗಸೇ ಬೇರೆ. ಗಂಡನು ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯುವ ಚಂಡಿಯೆಂಬ ಹೆಂಡತಿ. ಬೇಸತ್ತ ಋಷಿಯು, ಬೇಕಾದುದನ್ನು ಬೇಡವೆಂದೇ ಹೇಳುವ ಉಪಾಯವನ್ನು ಕಲಿತು ತಂದೆಯ ಶ್ರಾದ್ಧವನ್ನು ಸಾಂಗವಾಗಿ ಮಾಡಿ ಮುಗಿಸುವಷ್ಟರಲ್ಲಿ, ಕೊನೆಯ ಕ್ಷಣದಲ್ಲಿ ಮರೆತು, ಪಿಂಡವನ್ನು ಗಂಗೆಗೆ ಹಾಕೆಂದು ನೇರವಾಗಿ ಹೇಳಿಬಿಡುತ್ತಾನೆ. ಆಕೆಯು ತಿಪ್ಪೆಗೆ ಎಸೆಯುತ್ತಾಳೆ. ಶಾಪದಿಂದ ಕಲ್ಲಾದ ಚಂಡಿಗೆ ಅರ್ಜುನನ ಸ್ಪರ್ಶದಿಂದ ಮುಕ್ತಿ. ಈ ಕಥೆಯನ್ನು ಹಾಡುವಾಗ ಹೆಂಗಸರ ಗುಂಪಿನಲ್ಲಿ ನಗೆಯು ಉಕ್ಕಿಬರುತ್ತದೆ. ಅತ್ತೆಯೂ ನಗುವಳು, ಸೊಸೆಯೂ ನಗುವಳು, ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವರು. ವೈರಾಗ್ಯಶಾಲಿಗಳಾದ ಗಿರಿಯಮ್ಮನವರು ನಗೆಯನ್ನು ಬಿಟ್ಟವರಲ್ಲವೆಂಬುದಕ್ಕೆ ಈ ಹಾಡು ಸಾಕ್ಷಿ. ನಗಿಸದೆ ಬುದ್ಧಿ ಹೇಳುವ ತಾಯಿಯ ಮಾತು ಮಕ್ಕಳಿಗೆ ಹತ್ತುವುದಿಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು. ಸೀತಾಕಲ್ಯಾಣವಂತೂ ಮದುವೆಯ ಮನೆಗೆ ಮಂಗಳದ ಹಾಡು. ಶ್ರೀವಾದಿರಾಜಗುರುಸಾರ್ವಭೌಮರ ಲಕ್ಷ್ಮೀಶೋಭಾನದ ಜೊತೆಯಲ್ಲಿ, ಕುಳಿತು ಹಾಡುವ ತಾಳ್ಮೆಯಿದ್ದ ಕಾಲದಲ್ಲಿ, ಇದಕ್ಕೂ ಹಂದರದಲ್ಲಿ ಸ್ಥಾನವಿದ್ದಿತು. ತನಗೆ ಮಗಳಿಲ್ಲದ ತಾಯಿಯು ನಾಡಿನ ಹೆಣ್ಣುಮಕ್ಕಳಿಗೆಲ್ಲ ಧಾರೆಯೆರೆದು ಕೊಟ್ಟಂತಿದೆ ಅದು.

ಗಿರಿಯಮ್ಮನವರ ಕೊನೆಯ ದಿನಗಳು ತುಂಗಭದ್ರಾತೀರದ ಕಮ್ಮಾರಗಟ್ಟೆಯಲ್ಲಿ ಕಳೆದವು. ಹೊನ್ನಾಳಿಯ ಸೀಮೆಯಲ್ಲಿರುವ ಆ ಗ್ರಾಮದಲ್ಲಿ ಅವರು ಶ್ರೀಹರಿಯ ಧ್ಯಾನದಲ್ಲಿದ್ದು, ಕಡೆಗೆ ತುಂಗಭದ್ರೆಯ ಜಲದಲ್ಲಿ ಪ್ರವೇಶಿಸಿ ದೇಹವನ್ನು ಬಿಟ್ಟರೆಂದು ಪರಂಪರೆಯಿಂದ ಕೇಳಿಬಂದಿದೆ. ಹೆತ್ತ ತಾಯಿಯ ಹೆಸರು ತುಂಗಮ್ಮ. ಕೊನೆಗೆ ಅವರನ್ನು ಮಡಿಲಿಗೆ ತೆಗೆದುಕೊಂಡವಳೂ ತುಂಗೆಯೇ. ಬಾಲ್ಯದಲ್ಲಿ ಕಳೆದುಹೋದ ತಾಯಿಯ ತೊಡೆಯನ್ನು ಮಗಳು ಮರಳಿ ಸೇರಿದಳೆಂದು ಭಾವಿಸಿದರೆ ಕಣ್ಣು ಒದ್ದೆಯಾಗುತ್ತದೆ.

ಇಷ್ಟನ್ನು ಬರೆದ ಮೇಲೆ ನನ್ನ ಒಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳದಿದ್ದರೆ ಈ ಸ್ಮರಣೆಯು ಪೂರ್ಣವಾಗದು. ನಮ್ಮ ಅಜ್ಜಿಗೆ ಚಂದ್ರಹಾಸನ ಕಥೆಯು ಮೊದಲಿನಿಂದ ಕಡೆಯವರೆಗೂ ಕಂಠಸ್ಥವಾಗಿದ್ದಿತು. ಓದು ಬರಹ ಅವರಿಗೆ ಬಾರದು. ಹತ್ತಿಯನ್ನು ಬಿಡಿಸಿ ಗೆಜ್ಜೆವಸ್ತ್ರ ಮಾಡುತ್ತ ಹಾಡಲು ಕುಳಿತರೆ ದೀಪ ಹಚ್ಚುವ ಹೊತ್ತಿನವರೆಗೂ ಧಾಟಿಯು ಕೆಡುತ್ತಿರಲಿಲ್ಲ. ದಾದಿಯು ಸಾಯುವ ಭಾಗವು ಬಂದಾಗ ಅವರ ದನಿಯು ತಗ್ಗುತ್ತಿದ್ದಿತು. ಊರ ಹೆಂಗಸರು ಮಗುವನ್ನು ಎತ್ತಿಕೊಳ್ಳುವ ಭಾಗದಲ್ಲಿ, ಸಮೀಪದಲ್ಲಿ ಯಾವ ಹುಡುಗನಿದ್ದರೂ ಅವನನ್ನು ಎಳೆದು ತೊಡೆಯ ಮೇಲೆ ಕೂಡ್ರಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ಆ ಹುಡುಗನು ನಾನೇ ಆಗಿದ್ದೆನು. ಮುಂದೆ ಪಾಠಶಾಲೆಗೆ ಹೋಗಿ ನಾಲ್ಕು ಸರ್ಗ ಕಾವ್ಯ, ಒಂದಿಷ್ಟು ವ್ಯಾಕರಣ ಕಲಿತು ರಜೆಗೆಂದು ಊರಿಗೆ ಬಂದವನು, ಅಜ್ಜಿಯ ಹಾಡಿನಲ್ಲಿ ಶಬ್ದಗಳ ಅಶುದ್ಧಿಯನ್ನು ಎತ್ತಿ ತೋರಿಸತೊಡಗಿದೆನು. ಅವರು ಸಿಟ್ಟಾಗಲಿಲ್ಲ. ನಕ್ಕು, ನಾನು ತಿದ್ದಿದ ಶಬ್ದವನ್ನು ಒಮ್ಮೆ ಹೇಳಿ ನೋಡಿ, ಅದು ಧಾಟಿಗೆ ಕೂಡಲಿಲ್ಲವಾಗಿ ತಮ್ಮ ಶಬ್ದಕ್ಕೇ ಮರಳಿದರು. ಆ ರಜೆಯ ಅನಂತರ ನಾನಿರುವಾಗ ಅವರು ಹಾಡುವುದು ಕಡಿಮೆಯಾಯಿತು. ಆಗ ನನಗದು ತಿಳಿಯಲಿಲ್ಲ. ಬಹುಕಾಲದ ಮೇಲೆ ತಿಳಿಯಿತು.

ಅಜ್ಜಿಯು ತೀರಿಕೊಂಡ ಮೇಲೆ ಒಂದು ಶ್ರಾವಣದಲ್ಲಿ ಮನೆಯವರೆಲ್ಲ ಕೂಡಿದಾಗ ಆ ಹಾಡನ್ನು ಹೇಳಬೇಕೆಂದು ಯಾರೋ ಅಪೇಕ್ಷಿಸಿದರು. ಸೋದರತ್ತೆಗೆ ಮೊದಲಿನ ಭಾಗವು ಬರುತ್ತಿದ್ದಿತು, ದೊಡ್ಡಮ್ಮನಿಗೆ ಓಲೆಯ ಭಾಗ, ನಮ್ಮ ತಾಯಿಗೆ ಮಂಗಳದ ಭಾಗ. ನಡುವಿನದು ಯಾರಿಗೂ ಬರಲಿಲ್ಲ. ನಾನು ಅಚ್ಚಾದ ಪುಸ್ತಕವನ್ನು ತಂದೆನು. ಸಾಹಿತ್ಯವೆಲ್ಲವೂ ಅದರಲ್ಲಿದ್ದಿತು. ವಿದ್ವಾಂಸರು ಶ್ರಮಪಟ್ಟು ಸಂಗ್ರಹಿಸಿ ಉಳಿಸಿದ್ದಕ್ಕಾಗಿ ಅವರಿಗೆ ನಮಸ್ಕಾರಗಳು ಸಲ್ಲಬೇಕು. ಆದರೆ ದಾದಿಯು ಸಾಯುವಲ್ಲಿ ದನಿಯನ್ನು ಎಷ್ಟು ತಗ್ಗಿಸಬೇಕೆಂಬುದು ಪುಸ್ತಕದಲ್ಲಿರಲಿಲ್ಲ. ಅದು ಗಿರಿಯಮ್ಮನವರಿಂದ ಬಾಯಿಂದ ಬಾಯಿಗೆ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದು ನಮ್ಮ ಅಜ್ಜಿಯವರೆಗೆ ಬಂದು, ನಾನು ಶಬ್ದವನ್ನು ತಿದ್ದುವ ಭರದಲ್ಲಿ ಕಲಿಯದೆ ಬಿಟ್ಟ ಕಾರಣ ನಮ್ಮ ಮನೆಯಲ್ಲಿ ನಿಂತುಹೋಯಿತು. ಪರಂಪರೆಯೆಂಬುದು ಶತ್ರುಗಳ ದಂಡಿನಿಂದ ಮಾತ್ರ ಕಡಿಯುವುದಿಲ್ಲ. ಮನೆಯ ಮಗನ ಅಹಂಕಾರದಿಂದಲೂ ಕಡಿಯುತ್ತದೆ.

ಆದುದರಿಂದ ಈ ಸಂಚಿಕೆಯನ್ನು ಓದುವ ಸಜ್ಜನರಲ್ಲಿ, ವಿಶೇಷವಾಗಿ ಮಾತೆಯರಲ್ಲಿ, ವಿಜ್ಞಾಪನೆಯಿಷ್ಟೇ. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಈ ಶ್ರಾವಣದ ಒಂದು ಮಧ್ಯಾಹ್ನ ಅವರ ಬಳಿ ಕುಳಿತುಕೊಳ್ಳಿರಿ. ಶಬ್ದವು ತಪ್ಪೋ ಸರಿಯೋ ಎಂದು ಆಗಲೇ ವಿಚಾರಿಸಬೇಡಿರಿ. ಈಗ ಪ್ರತಿಯೊಬ್ಬರ ಕೈಯಲ್ಲಿಯೂ ದನಿಯನ್ನು ಹಿಡಿದಿಡುವ ಯಂತ್ರವಿದೆ, ಅದನ್ನೂ ಉಪಯೋಗಿಸಿರಿ. ಆದರೆ ಅದಕ್ಕಿಂತ ಮೊದಲು ಮನೆಯ ಒಂದು ಹೆಣ್ಣುಮಗುವನ್ನಾಗಲಿ ಗಂಡುಮಗುವನ್ನಾಗಲಿ ಅವರ ತೊಡೆಯ ಮೇಲೆ ಕೂಡ್ರಿಸಿರಿ. ಅನುಕೂಲವುಳ್ಳವರು ರಾಣೇಬೆನ್ನೂರಿನ ಮೇಲೆ ಪ್ರಯಾಣ ಮಾಡುವಾಗ ಒಮ್ಮೆ ಕೊಮಾರನಹಳ್ಳಿಗೆ ಹೋಗಿ ಹೆಳವನಕಟ್ಟೆಯ ರಂಗನಾಥನ ದರ್ಶನವನ್ನು ಮಾಡಿಕೊಂಡು, ಆ ಗುಡಿಯಲ್ಲಿ ಕುಳಿತು ಹಾಡಿದ ತಾಯಿಯನ್ನು ನೆನೆದು ಬರಬೇಕು.

ತಾನು ತಬ್ಬಲಿಯಾಗಿ ಬೆಳೆದು, ತನಗೆಂದು ಮಕ್ಕಳನ್ನು ಬಯಸದೆ, ನಾಡಿನ ಮಕ್ಕಳಿಗೆಲ್ಲ ಹರಿಕಥೆಯ ಹಾಲನ್ನು ಕುಡಿಸಿದ ಆ ಸಾಧ್ವಿಯ ಅನುಗ್ರಹವು ನಮ್ಮ ಮನೆಗಳ ಮೇಲಿರಲಿ. ನಿಂತುಹೋದ ಧಾಟಿಗಳು ಎಲ್ಲಿಯಾದರೂ ಒಂದು ಕಂಠದಲ್ಲಿ ಉಳಿದಿದ್ದರೆ ಅವು ನಮ್ಮ ಮಕ್ಕಳ ಕಿವಿಯನ್ನು ಸೇರುವಂತೆ ಅವರ ಅಂತರ್ಯಾಮಿಯಾದ ಹೆಳವನಕಟ್ಟೆಯ ರಂಗನು ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು